ಶಂಷಾಬಾದಿನ ಹನ್ನೊಂದು ತಾಸು

ಹೈದರಾಬಾದಿಗೆ ಬಂದು ನೆಲೆಸಿದ ಮೇಲೆ ನಮ್ಮೂರ ಕಡೆಯವರ ಪಾಲಿಗೆ ನಾನು ‘ಶಂಷಾಬಾದಿನಂವ’ ಆಗಿಬಿಟ್ಟಿದ್ದೆ. ಬೆಳಗಾವಿಯ ಸಾಂಬ್ರಾದಿಂದ ಹೈದರಾಬಾದಿಗೆ ವಿಮಾನ ಶುರುವಾದದ್ದೇ ತಡ, ದುಬೈಗೆ ದುಡಿಯಲು ಹೊರಟವರು, ಅಮೆರಿಕದ ಮಗಳ ಬಾಣಂತನಕ್ಕೆ ಹೊರಟ ಅತ್ತೆ, ಎಂ.ಎಸ್. ಓದಲು ಹೊರಟ ಹುಡುಗರು, ಎಲ್ಲರೂ ನನಗೊಂದು ಫೋನು ಹಚ್ಚುತ್ತಿದ್ದರು. “ನಡುವ ಆರು ತಾಸು ಐತಿ, ಏನ್ ಮಾಡೂದು?” ಮಾಡುವುದೇನು, ನಾನು ಕಾರು ತಗೊಂಡು ಹೋಗಿ ಅವರನ್ನು ಅತ್ತಾಪುರದ ಮನೆಗೆ ಕರೆತರುತ್ತಿದ್ದೆ. ಮೆಹದಿಪಟ್ಟಣದಿಂದ ಆರಾಂಘರ್‌ವರೆಗೆ 11.6 ಕಿಲೋಮೀಟರು ಉದ್ದದ ಪಿ.ವಿ. ನರಸಿಂಹರಾವ್ ಮೇಲ್ಸೇತುವೆ ಇದೆಯಲ್ಲ, ಅದರ ಕಂಬಗಳ ನಂಬರೇ ನಮ್ಮ ಕಡೆ ವಿಳಾಸ. ಕಂಬದ ನಂಬರು ಹೇಳಿದರೆ ಆಟೋದವನು ಮನೆ ಮುಂದೆ ತಂದು ಬಿಡುತ್ತಾನೆ. ಬಂದವರು ಸ್ನಾನ ಮಾಡಿ, ರೊಟ್ಟಿ ಉಂಡು, ಅರ್ಧ ತಾಸು ಅಡ್ಡಾಗಿ ಮತ್ತೆ ಹೊರಡುವರು. ಕನ್ನಡ ಮಾತಾಡುವ ಆಸೆಗೆ ನಾನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗುವುದಿತ್ತು. ಆದರೆ ನಮ್ಮ ಬೆಳಗಾವಿ ಕನ್ನಡ ಬೇಕೆಂದರೆ ಈ ಆರು ತಾಸಿನ ಅತಿಥಿಗಳೇ ಬರಬೇಕು.

2020ರ ಮಾರ್ಚ್ ಕೊನೆಯ ವಾರ ವಿಮಾನಗಳೆಲ್ಲ ನಿಂತಾಗ ನನ್ನ ಈ ಸಂಬಳವಿಲ್ಲದ ನೌಕರಿಯೂ ಹೋಯಿತು. ಮೇ 25ಕ್ಕೆ ದೇಶದೊಳಗಿನ ವಿಮಾನಗಳು ಮತ್ತೆ ಹಾರತೊಡಗಿದವು. ಆದರೆ ಪ್ರಯಾಣವೇ ಬೇರೆಯಾಗಿತ್ತು. ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಬೇಕು, ಬ್ಯಾಗಿನ ಚೀಟಿ ನಾವೇ ಪ್ರಿಂಟ್ ತೆಗೆದು ಅಂಟಿಸಬೇಕು, ಒಂದೇ ಬ್ಯಾಗು, ವಿಮಾನದಲ್ಲಿ ಊಟವಿಲ್ಲ. ನಡುವಿನ ಸೀಟಿನವರಿಗೆ ಆಪರೇಷನ್ ಥಿಯೇಟರಿನವರಂಥ ಗೌನು. ಬೀಳ್ಕೊಡಲು, ಕರೆದೊಯ್ಯಲು ಬಂದವರು ಬಾಗಿಲ ಹತ್ತಿರ ಸುಳಿಯುವಂತಿಲ್ಲ. ಆ ವರ್ಷ ಯಾರೂ ನಮ್ಮ ಮನೆಗೆ ರೊಟ್ಟಿ ಉಣ್ಣಲು ಬರಲಿಲ್ಲ.

ನನ್ನ ತಂಗಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪ, ಅವ್ವ ಬೈಲಹೊಂಗಲದ ಹತ್ತಿರದ ನಮ್ಮೂರಲ್ಲಿ. ಆ ವರ್ಷದ ಶ್ರಾವಣದಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಮಾತು ತೊದಲಾಯಿತು. ಫೋನಿನಲ್ಲಿ ಅವನ ಮಾತು ಒಂದೂ ತಿಳಿಯುತ್ತಿರಲಿಲ್ಲ. ವಿಡಿಯೋ ಕಾಲ್ ಹಚ್ಚಿಕೊಟ್ಟರೆ ಅಂಗೈಯಷ್ಟು ಪರದೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವನು. ಅದರೊಳಗಿನ ಮುಖ ಮಗಳದ್ದು ಎಂದು ಕೆಲವು ಸಲ ಗುರುತು ಹಿಡಿಯುವನು, ಕೆಲವು ಸಲ ಇಲ್ಲ. “ನಾ ಬಂದು ಮುಂದ ಕುಂದರಬೇಕಣ್ಣಾ, ಇಲ್ಲಂದ್ರ ಆಗೂದಿಲ್ಲ” ಎಂದು ತಂಗಿ ಡಿಸೆಂಬರ್ ಮೊದಲ ವಾರವೇ ಟಿಕೆಟ್ ನೋಡಿದಳು.

ಬೇಡ ಎಂದವನು ನಾನು. “ಈಗ ಬಂದ್ರ ರಜಾ ಹಾಳಾಗ್ತಾವು. ಕ್ರಿಸ್‌ಮಸ್ ಸೂಟಿ ಕೂಡಿಸ್ಕೊಂಡು ಬಾ, ನಾಲ್ಕು ದಿನ ಹೆಚ್ಚಿಗಿ ಇರಾಕ ಆಗ್ತೈತಿ.” ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಕಂಪನಿಯಲ್ಲಿ ಊರವರ ಪ್ರಾಜೆಕ್ಟುಗಳಿಗೆಲ್ಲ ದಿನದ ಲೆಕ್ಕ ಹಾಕಿಕೊಡುವವನು ನಾನೇ. ನನ್ನ ಮಾತು ಕೇಳಿ ಅವಳು 26ಕ್ಕೆ ಟಿಕೆಟ್ ಮಾಡಿಸಿದಳು. ಬ್ರಿಟನ್ನಿನಲ್ಲಿ ರೂಪ ಬದಲಿಸಿದ ವೈರಸ್ ಸುದ್ದಿಯಾಯಿತು. ಡಿಸೆಂಬರ್ 22ರ ನಡುರಾತ್ರಿಯಿಂದ ಅಲ್ಲಿನ ವಿಮಾನಗಳಿಗೆ ಭಾರತ ಬಾಗಿಲು ಹಾಕಿತು. ಮೊದಲು 31ರವರೆಗೆ ಎಂದರು, ಆಮೇಲೆ ಜನವರಿ 7ರವರೆಗೆ ಎಂದರು. ತಂಗಿ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಬೇಸಿತ್ತು.

ಜನವರಿ 8ರಿಂದ ಬಾಗಿಲು ಅರ್ಧ ತೆರೆಯಿತು. ವಾರಕ್ಕೆ 30 ವಿಮಾನ, ಅವರವು 15, ನಮ್ಮವು 15. ಇಳಿಯುವುದು ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್ ಈ ನಾಲ್ಕೇ ಊರಲ್ಲಿ. ದೆಹಲಿಯಲ್ಲಿ ಇಳಿದರೆ ರಿಪೋರ್ಟ್ ನೆಗೆಟಿವ್ ಬಂದರೂ ಏಳು ದಿನ ಸಾಂಸ್ಥಿಕ ಕ್ವಾರಂಟೈನ್. ಮುಂಬೈಯಲ್ಲೂ ಹೋಟೆಲ್ ವಾಸ. ಬೆಂಗಳೂರಿನ ಸೀಟು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಮೂರನೇ ದೇಶದ ಮೂಲಕ ಸುತ್ತಿ ಬರೋಣವೆಂದರೆ ಬ್ರಿಟನ್ನಿನವರಿಗೆ ಅದಕ್ಕೂ ಅವಕಾಶವಿಲ್ಲ. ಉಳಿದದ್ದು ಹೈದರಾಬಾದ್. 11ರ ಮಧ್ಯಾಹ್ನ ಲಂಡನ್ ಬಿಟ್ಟು 12ರ ನಸುಕಿನ ಐದಕ್ಕೆ ಶಂಷಾಬಾದ್. ಅಲ್ಲಿಂದ ಮಧ್ಯಾಹ್ನ ಪೌಣೆ ಮೂರಕ್ಕೆ ಬೆಳಗಾವಿ.

ಎರಡೂ ಬೇರೆ ಬೇರೆ ಟಿಕೆಟ್. ಅಂಥ ಕಡೆ ಒಂದು ತಪ್ಪಿದರೆ ಇನ್ನೊಂದರವರು ಹೊಣೆಯಲ್ಲ, ದುಡ್ಡು ಹೋಯಿತೆಂದೇ ತಿಳಿಯಬೇಕು. ಬ್ರಿಟನ್ನಿನಿಂದ ಬಂದವರು, ಹೊರಡುವ 72 ತಾಸಿನ ಒಳಗಿನ ಆರ್‌ಟಿ-ಪಿಸಿಆರ್ ರಿಪೋರ್ಟ್ ಕೈಯಲ್ಲಿದ್ದರೂ, ಇಳಿದ ಮೇಲೆ ಸ್ವಂತ ಖರ್ಚಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಫಲಿತಾಂಶ ಬರುವವರೆಗೆ ನಿಲ್ದಾಣ ಬಿಡುವಂತಿಲ್ಲ. ನಾನು ಒಂದು ಹಾಳೆಯ ಮೇಲೆ ಬರೆದೆ: ಇಳಿಯುವುದು ಐದು, ಸ್ಯಾಂಪಲ್ ಏಳು, ಫಲಿತಾಂಶಕ್ಕೆ ಆರು ತಾಸು ಹಿಡಿದರೂ ಒಂದು ಗಂಟೆ. ಪೌಣೆ ಮೂರಕ್ಕೆ ಧಾರಾಳ. ಬೆಳಗಾವಿಯ ಬ್ಯಾಗಿನ ಚೀಟಿಯನ್ನು ನಾನೇ ಪ್ರಿಂಟ್ ತೆಗೆದು ಕವರಿನಲ್ಲಿಟ್ಟೆ. ಊರಿನ ಹೆಸರಿನ ಜಾಗದಲ್ಲಿ ಐಎಕ್ಸ್‌ಜಿ ಎಂಬ ಮೂರಕ್ಷರ.

12ರ ನಸುಕಿಗೆ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಹಿಡಿದು ನಿಲ್ದಾಣದ ಹೊರಗೆ ನಿಂತೆ. ಕೆಳಗಡೆ ಬರುವವರ ಬಾಗಿಲು, ಮೇಲ್ಗಡೆ ಹೋಗುವವರದ್ದು. ರಿಪೋರ್ಟ್ ಕೈಗೆ ಬಂದ ಮೇಲೆ ಕೆಳಗಿನಿಂದ ಹೊರಬಿದ್ದು ಮೇಲೆ ಹತ್ತುವ ಆ ನೂರು ಹೆಜ್ಜೆಯಲ್ಲಿ ಬುತ್ತಿ, ಚೀಟಿ ಎರಡೂ ಕೊಡುವುದು ನನ್ನ ಯೋಜನೆ. ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. “ಇಳದೆ” ಎಂದು ಮೆಸೇಜು. ಆಮೇಲೆ “ಸಾಲಿನ್ಯಾಗ ಅದೀನಿ”. ಆಮೇಲೆ “ಇನ್ನೂ ಸಾಲಿನ್ಯಾಗ”. ಸ್ಯಾಂಪಲ್ ಕೊಡುವಷ್ಟರಲ್ಲಿ ಎಂಟು ದಾಟಿತ್ತು. ಇಡೀ ವಿಮಾನದ ಮಂದಿ ಒಮ್ಮೆಲೇ ಮೂಗು ಒಡ್ಡಿದರೆ ಆಗುವುದೇ ಅಷ್ಟು. ಯಾರ ತಪ್ಪೂ ಅಲ್ಲ. ನನ್ನ ಹಾಳೆಯಲ್ಲಿ ಮಾತ್ರ ಅವಳೊಬ್ಬಳೇ ಪ್ರಯಾಣಿಕಳು.

ನನ್ನ ಪಕ್ಕದಲ್ಲಿ ನಿಜಾಮಾಬಾದ್ ಕಡೆಯ ಒಂದು ಸಂಸಾರವಿತ್ತು. ಅಜ್ಜಿಯೊಬ್ಬಳು ಕಾರಿನ ಬಾಗಿಲು ತೆರೆದು ಕಾಲು ಹೊರಗೆ ಚಾಚಿ ಕೂತಿದ್ದಳು. ಮೊಮ್ಮಗ ಅದೇ ವಿಮಾನದಲ್ಲಿ. ಗಾಜಿನ ಆಚೆ ಯಾವ ಬಿಳಿ ಗೌನು ಸುಳಿದರೂ “ಮಾ ಅಬ್ಬಾಯಿ ವಚ್ಚಿಂಡಾ?” ಎಂದು ಕೇಳುವಳು. ಸಂಕ್ರಾಂತಿ ಎರಡು ದಿನವಿತ್ತು. ಅವಳ ಮಡಿಲಲ್ಲಿ ಸ್ಟೀಲಿನ ಡಬ್ಬಿ, ತುಂಬ ಸಕಿನಾಲು. ಅಕ್ಕಿ ಹಿಟ್ಟು, ಎಳ್ಳು ಕಲಸಿ ಬಟ್ಟೆಯ ಮೇಲೆ ಬಳೆಯ ಹಾಗೆ ಸುತ್ತು ಬಿಟ್ಟು ಕರಿಯುವ ತಿಂಡಿ. ತೆಲಂಗಾಣದಲ್ಲಿ ಅದಿಲ್ಲದೆ ಸಂಕ್ರಾಂತಿ ಇಲ್ಲ. ಹತ್ತರ ಸುಮಾರಿಗೆ ಪೇಪರಿನಲ್ಲಿ ನಾಲ್ಕು ಸುತ್ತಿ ನನ್ನತ್ತ ಚಾಚಿದಳು. ನಾನು ಒಂದು ಕ್ಷಣ ಕೈ ಹಿಂದೆಗೆದೆ. ಆ ವರ್ಷ ನಮಗೆಲ್ಲ ಅಂಟಿದ ಜಡ್ಡು ಅದು. ಅಜ್ಜಿ ನೋಡಿದಳು, ಏನೂ ಅನ್ನದೆ ಪೊಟ್ಟಣವನ್ನು ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟು ಹೋದಳು.

ಒಳಗೆ ತಂಗಿಯ ಪಕ್ಕದಲ್ಲಿ ಕೂತಿದ್ದ ಹೆಂಗಸು ಗುಂಟೂರಿನವಳಂತೆ, ತಾಯಿಯ ಮಣ್ಣಿಗೆ ಹೊರಟವಳು. ಹನ್ನೊಂದಕ್ಕೆ ಯಾರನ್ನೋ ಬೇರೆ ಕಡೆ ಕರೆದೊಯ್ದರು ಎಂದು ಮೆಸೇಜು ಬಂತು. ಪಾಸಿಟಿವ್ ಬಂದವರನ್ನು ಪ್ರತ್ಯೇಕ ಇಡುತ್ತಿದ್ದರು, ಅವರ ಸ್ಯಾಂಪಲ್ಲನ್ನು ವೈರಸ್ಸಿನ ಜಾತಕ ಓದಲು ಕಳಿಸುತ್ತಿದ್ದರು. ಅದಕ್ಕೆಂದು ಡಿಸೆಂಬರಿನಲ್ಲಿ ಗೊತ್ತುಮಾಡಿದ ಹತ್ತು ಪ್ರಯೋಗಾಲಯಗಳಲ್ಲಿ ನಮ್ಮೂರ ಸಿಸಿಎಂಬಿಯೂ ಒಂದು. ಹಬ್ಸಿಗುಡದ ಅದರ ಗೇಟಿನ ಮುಂದೆ ನಾನು ಎಷ್ಟು ಸಲ ಹಾದುಹೋಗಿದ್ದೇನೋ. ಇದು ನಮ್ಮ ಮನೆಗೆ ಸಂಬಂಧಪಟ್ಟ ಕಟ್ಟಡ ಎಂದು ಅಂದು ಮೊದಲ ಸಲ ಅನ್ನಿಸಿ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಮಧ್ಯಾಹ್ನ ನಿಲ್ದಾಣದಲ್ಲಿ ಒಂದು ಗದ್ದಲ. ಪುಣೆಯಿಂದ ಕೋವಿಶೀಲ್ಡ್ ಲಸಿಕೆಯ ಮೊದಲ ಪೆಟ್ಟಿಗೆಗಳು ಹೈದರಾಬಾದಿಗೆ ಬಂದಿಳಿದದ್ದು ಅದೇ ಜನವರಿ 12ರಂದು. ಕಾಯುತ್ತಿದ್ದವರೆಲ್ಲ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. ಜನ ಖುಷಿಪಟ್ಟರು, ಯಾರೋ ಚಪ್ಪಾಳೆಯನ್ನೂ ಹೊಡೆದರು. ನಾನೂ ಖುಷಿಪಡಬೇಕಿತ್ತು. ಪೆಟ್ಟಿಗೆಗಳು ಇಳಿದು, ಗಾಡಿ ಹತ್ತಿ, ತಮ್ಮ ದಾರಿ ಹಿಡಿದವು ಎಂಬುದಷ್ಟೇ ನನ್ನ ತಲೆಯಲ್ಲಿ ಓಡಿತು.

ಒಂದಾಯಿತು, ಎರಡಾಯಿತು. ಪೌಣೆ ಮೂರಕ್ಕೆ ತಂಗಿ ಫೋನ್ ಮಾಡಿದಳು. “ಹೋತಣ್ಣಾ.” ಅಷ್ಟೇ. ಆಚೆ ಕಡೆಯಿಂದ ಮೂಗು ಏರಿಸುವ ಸದ್ದು. ಮಾಸ್ಕಿನೊಳಗೆ ಅಳುವುದು ಎಷ್ಟು ಕಷ್ಟ ಎಂದು ಆಮೇಲೆ ಹೇಳಿದಳು, ಒದ್ದೆಯಾದರೆ ಉಸಿರಾಡಲು ಬರುವುದಿಲ್ಲವಂತೆ.

ನೆಗೆಟಿವ್ ಎಂಬ ಕಾಗದ ಹಿಡಿದು ಹೊರಬಿದ್ದಾಗ ನಾಲ್ಕು ಗಂಟೆ. ಎರಡು ವರ್ಷದ ಮೇಲೆ ತಂಗಿಯನ್ನು ನೋಡುತ್ತಿದ್ದೆ. ಇಬ್ಬರೂ ಆರಡಿ ದೂರ ನಿಂತೆವು. ಮರುದಿನದ ವಿಮಾನದ ಮಾತೆತ್ತಿದೆ. ರಾತ್ರಿ ಇರುವುದೆಲ್ಲಿ? ನೆಗೆಟಿವ್ ಬಂದರೂ 14 ದಿನ ಮನೆಯಲ್ಲೇ ಪ್ರತ್ಯೇಕ ಇರಬೇಕೆಂಬುದು ನಿಯಮ. ನಮ್ಮ ಮನೆಯಲ್ಲಿ ಎರಡು ಕೋಣೆ, ಮೂರು ವರ್ಷದ ಮಗ, ಸಕ್ಕರೆ ಕಾಯಿಲೆಯ ಅತ್ತೆ. “ಗಾಡಿ ಹೊಡಿತೀ ಏನಣ್ಣಾ?” ಎಂದಳು. ನಾನು ಆಗಲೇ ಕಾರಿನ ಹಿಂಬಾಗಿಲು ತೆರೆದಿದ್ದೆ.

ಹೈದರಾಬಾದಿನಿಂದ ನಮ್ಮೂರಿಗೆ ಐನೂರು ಕಿಲೋಮೀಟರಿನ ಹತ್ತಿರ. ಅವಳು ಹಿಂದಿನ ಸೀಟಿನ ಎಡತುದಿಯಲ್ಲಿ, ನಾನು ಮುಂದೆ. ನಾಲ್ಕೂ ಕಿಟಕಿ ಕೆಳಗೆ, ಇಬ್ಬರಿಗೂ ಮಾಸ್ಕ್. ಜಡ್ಚರ್ಲಾ ದಾಟುವಷ್ಟರಲ್ಲಿ ಕತ್ತಲು, ಮೆಹಬೂಬನಗರದ ನಂತರ ಚಳಿ. ಅವಳಿಗೆ ಇಂಗ್ಲೆಂಡಿನ ಜಾಕೀಟು. ನಾನು ಸೀಟಿನ ಮೇಲೆ ಹಾಸಿದ್ದ ಶಾಲನ್ನೇ ತಲೆಗೆ ಸುತ್ತಿಕೊಂಡೆ. ಗಾಳಿಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ಕೂಗಿ ಮಾತಾಡಿ ಗಂಟಲು ಕಟ್ಟಿತು. ಮಕ್ತಲ್ ದಾಟಿ ಕೃಷ್ಣಾ ನದಿಯ ಹತ್ತಿರ ಲಾರಿಗಳ ಸಾಲು. ನಿಜಾಮರ ಕಾಲದ ಆ ಇಕ್ಕಟ್ಟಿನ ಸೇತುವೆಯ ಮೇಲೆ ಎದುರಿನ ಲಾರಿ ಬಂದರೆ ಈಚೆಯವರು ಕಾಯಬೇಕು. ಆಚೆ ದಡದಲ್ಲಿ ಶಕ್ತಿನಗರದ ಚಿಮಣಿಗಳ ಕೆಂಪು ದೀಪ. 1956ಕ್ಕೆ ಮೊದಲು ರಾಯಚೂರೂ ಹೈದರಾಬಾದಿನದ್ದೇ, ಈ ಹೊಳೆ ಗಡಿಯಾಗಿರಲಿಲ್ಲ. ಹಾಗೆಂದು ನಾನು ಕೂಗಿ ಹೇಳುತ್ತಿದ್ದರೆ ಹಿಂದಿನಿಂದ ಉತ್ತರವಿಲ್ಲ. ಕನ್ನಡಿಯಲ್ಲಿ ನೋಡಿದರೆ ನಿದ್ದೆ ಹೋಗಿದ್ದಳು.

ಬುತ್ತಿ ಬಿಚ್ಚಿದ್ದು ಲಿಂಗಸುಗೂರಿನ ಆಚೆ, ಮುಚ್ಚಿದ ಪೆಟ್ರೋಲ್ ಬಂಕಿನ ದೀಪದ ಕೆಳಗೆ. ಅವಳು ಆ ಕಡೆಯ ಕಲ್ಲಿನ ಮೇಲೆ, ನಾನು ಈ ಕಡೆ. ರೊಟ್ಟಿ, ಶೇಂಗಾ ಹಿಂಡಿ ಮುಗಿದ ಮೇಲೆ ಸಕಿನಾಲು ನೆನಪಾಯಿತು. ಅಜ್ಜಿಯ ಮೊಮ್ಮಗ ಹೊರಬಂದನೋ ಇಲ್ಲವೋ, ನೋಡಿಯೇ ಇರಲಿಲ್ಲ. “ಚಕ್ಕಲಿಗಿಂತ ಚಲೋ ಅದಾವು” ಎಂದಳು ತಂಗಿ. ನಾಲ್ಕರಲ್ಲಿ ಮೂರು ಅವಳೇ ತಿಂದಳು.

ಹುನಗುಂದ, ಬಾಗಲಕೋಟೆ, ಲೋಕಾಪುರ, ಯರಗಟ್ಟಿ. ಊರು ಮುಟ್ಟಿದಾಗ ನಸುಕಿನ ನಾಲ್ಕೂವರೆ. ಅಂದು ಭೋಗಿ. ಅವ್ವ ಆಗಲೇ ಎದ್ದು ಸಜ್ಜಿ ಹಿಟ್ಟು ನಾದುತ್ತಿದ್ದಳು, ಎಳ್ಳು ಹಚ್ಚಿದ ರೊಟ್ಟಿಗೆ. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದ. ರಾತ್ರಿಯಿಡೀ ಒಳಗೆ ಮಲಗಲು ಒಪ್ಪಿರಲಿಲ್ಲವಂತೆ.

ತಂಗಿ ಬೇವಿನ ಮರದ ಹತ್ತಿರ ನಿಂತಳು. ಅಪ್ಪ ಎಡಗೈ ಎತ್ತಿ ಏನೋ ಅಂದ. ನಮಗಿಬ್ಬರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಅಂದ. ಅವ್ವ ಬಾಗಿಲಿನಿಂದ ಹೇಳಿದಳು, “ಮಾರಿ ಮ್ಯಾಲಿನ ಅರಿವಿ ತಗಿ ಅನ್ನಾಕತ್ತಾರ.” ತಂಗಿ ಇನ್ನೆರಡು ಹೆಜ್ಜೆ ಹಿಂದೆ ಸರಿದು ಮಾಸ್ಕ್ ತೆಗೆದಳು. ಕಟ್ಟೆಯ ಬಲ್ಬಿನ ಬೆಳಕು ಅಲ್ಲಿಗೆ ಅಷ್ಟಾಗಿ ಮುಟ್ಟುತ್ತಿರಲಿಲ್ಲ. ನಾನು ಮೊಬೈಲಿನ ಟಾರ್ಚು ಹಚ್ಚಿ ಅವಳ ಮುಖದ ಕಡೆ ಹಿಡಿದೆ. ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಅಂದದ್ದು ನಮಗೂ ತಿಳಿಯಿತು. “ಬಂದ್ಯಾ ನನ್ನವ್ವಾ.”

ಆಮೇಲೆ ನನ್ನ ಕಡೆ ತಿರುಗಿ ಒಳಗೆ ಬಾ ಎಂದು ಕೈಸನ್ನೆ ಮಾಡಿದ. ಹೋಗಲು ಕಾಲೆತ್ತಿದೆ, ಅಲ್ಲೇ ನಿಂತೆ. ಹನ್ನೆರಡು ತಾಸು ಅವಳ ಜೊತೆ ಒಂದೇ ಕಾರಿನಲ್ಲಿ ಬಂದವನು ನಾನು. ವಿಮಾನದ ಹೊತ್ತು, ಸ್ಯಾಂಪಲ್ಲಿನ ಹೊತ್ತು, ಪೆಟ್ರೋಲು ಎಲ್ಲದರ ಲೆಕ್ಕ ಹಾಕಿದ್ದೆ. ನನ್ನ ಮನೆಯ ಹೊಸ್ತಿಲು ನಾನೇ ದಾಟುವಂತಿಲ್ಲ ಎಂಬುದು ಲೆಕ್ಕದಲ್ಲಿರಲಿಲ್ಲ. ಅವ್ವ ಕಟ್ಟೆಯ ತುದಿಯಲ್ಲಿ ಎರಡು ರೊಟ್ಟಿ, ಬರ್ತಾ ಇಟ್ಟು ಹಿಂದೆ ಸರಿದಳು. ತಿಂದು, ಹೊಲದ ಪಂಪ್‌ಸೆಟ್ ಮನೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಗಾಡಿ ತಿರುಗಿಸಿದೆ. ಮಗನಿಂದಲೂ ದೂರ ಇರಬೇಕಾಗಿ ಬಂದು ಅತ್ತಾಪುರದಲ್ಲಿ ಎರಡು ವಾರ ಗೆಳೆಯನ ಖಾಲಿ ಫ್ಲ್ಯಾಟಿನಲ್ಲಿ ಕಳೆದೆ.

ತಂಗಿಗೆ ಮುಂದಿನ ಕೋಣೆ. ಬಾಗಿಲಿಗೆ ಚೀಟಿ ಅಂಟಿತು, ಆಶಾ ಕಾರ್ಯಕರ್ತೆ ಬಂದು ಜ್ವರ ನೋಡಿ ಹೋಗುವಳು. ಆ ಕೋಣೆಗೂ ಪಡಸಾಲೆಗೂ ನಡುವೆ ಸರಳಿನ ಒಂದು ಕಿಟಕಿ. ಅವ್ವ ಅಪ್ಪನ ಹೊರಸನ್ನು ಕಿಟಕಿ ಕಾಣುವಂತೆ ಎದುರಿನ ಗೋಡೆಗೆ ಸರಿಸಿದಳು. 14 ದಿನ ಅಪ್ಪ ಅಲ್ಲಿಂದ ಮಾತಾಡಿದ, ಇವಳು ಇಲ್ಲಿಂದ ಕೇಳಿದಳು. ಮುಟ್ಟುವಂತಿಲ್ಲ, ಹತ್ತಿರ ಹೋಗುವಂತಿಲ್ಲ, ಕೇಳುವುದೊಂದೇ ಕೆಲಸ. ‘ನ’ಕಾರ ಬಾರದ ಕಡೆ ಅವನು ‘ದ’ ಎನ್ನುತ್ತಾನೆ, ಎರಡನೇ ಅಕ್ಷರ ನುಂಗುತ್ತಾನೆ, ದಣಿದಾಗ ಬರೀ ಮೊದಲಕ್ಷರ ಹೇಳುತ್ತಾನೆ ಎಂದೆಲ್ಲ ಅವಳು ಕಂಡುಕೊಂಡಳು. ಜನವರಿ 26ಕ್ಕೆ ಚೀಟಿ ಕಿತ್ತರು. ಫೆಬ್ರವರಿ 1ಕ್ಕೆ ಅವಳು ಹೊರಡಬೇಕಿತ್ತು. ಕೈಗೆ ಸಿಕ್ಕದ್ದು ಆರು ದಿನ. ಆ ಆರು ದಿನ ಅಪ್ಪನ ಉಗುರು ತೆಗೆದಳು, ಕಾಲಿಗೆ ಎಣ್ಣೆ ತಿಕ್ಕಿದಳು, ತುತ್ತು ಮಾಡಿ ಉಣಿಸಿದಳು.

ಮಾರ್ಚಿನಲ್ಲಿ ನಾನು ಎರಡು ದಿನ ಊರಿಗೆ ಹೋದೆ. ಅಪ್ಪನ ಪಕ್ಕದಲ್ಲೇ, ಹೊರಸಿನ ಮೇಲೆಯೇ ಕೂತೆ. ಅವನು ನನಗೆ ಏನೋ ಹೇಳಿದ. ತಿಳಿಯಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು. ಮತ್ತೆ ಮತ್ತೆ ಹೇಳಿಸಿದೆ, ಅವನಿಗೆ ಸಿಟ್ಟು ಬಂತು. ಕೊನೆಗೆ ರೆಡಿಂಗ್‌ಗೆ ಫೋನು ಹಚ್ಚಿ ಅವನ ಬಾಯಿಯ ಹತ್ತಿರ ಹಿಡಿದೆ. ಅವಳು ಒಂದೇ ಸಲಕ್ಕೆ ಹಿಡಿದಳು. “ರಾತ್ರಿ ಗಾಡಿ ಹೊಡಿಬ್ಯಾಡ ಅಂತ ಹೇಳಾಕತ್ತಾನ. ಅವತ್ತು ನಾವು ನಸುಕಿನ್ಯಾಗ ಬಂದದ್ದು ಇನ್ನೂ ತಲ್ಯಾಗ ಐತಿ.”

ಏಪ್ರಿಲ್ 23ಕ್ಕೆ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ಇಲ್ಲಿಂದ ಮರಳಿದವರಿಗೆ ಹತ್ತು ದಿನ ಹೋಟೆಲ್ ಕ್ವಾರಂಟೈನ್, ಒಬ್ಬರಿಗೆ 1,750 ಪೌಂಡ್. ಮೇ ತಿಂಗಳಲ್ಲಿ, ಎರಡೂ ರಾಜ್ಯದಲ್ಲಿ ಲಾಕ್‌ಡೌನ್ ಇದ್ದಾಗ, ಅಪ್ಪ ಹೋದ. ನಾನು ಪಾಸ್ ಮಾಡಿಸಿಕೊಂಡು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ರಾತ್ರಿ ಗಾಡಿ ಹೊಡೆದೇ ಹೋಗಿದ್ದೆ.

2022ರ ಮಾರ್ಚ್ 27ಕ್ಕೆ ಅಂತರರಾಷ್ಟ್ರೀಯ ವಿಮಾನಗಳು ಮೊದಲಿನ ಹಾಗೆ ಶುರುವಾದವು. ವರ್ಷದ ಕಾರ್ಯಕ್ಕೆ ತಂಗಿ ಬಂದಳು, ಅದೇ ದಾರಿ, ಅದೇ ಬೆಳಗಾವಿಯ ವಿಮಾನ. ಟಿಕೆಟ್ ಮಾಡಿಸುವಾಗ ಕೇಳಿದ್ದಳು, “ನಡುವ ಎಷ್ಟು ತಾಸು ಬಿಡ್ಲಿ ಅಣ್ಣಾ?” ನಿನಗೆ ತಿಳಿದಷ್ಟು ಬಿಡು ಎಂದಿದ್ದೆ. ಏಳು ತಾಸು ಬಿಟ್ಟಿದ್ದಳು. ಆರು ಗಂಟೆಗೆಲ್ಲ ಹೊರಬಂದು, ಏಳಕ್ಕೆ ಅತ್ತಾಪುರದ ಮನೆಯಲ್ಲಿ ರೊಟ್ಟಿ ಉಂಡು, ನನ್ನ ಮಗನ ಪಕ್ಕದಲ್ಲಿ ಮಲಗಿಬಿಟ್ಟಳು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಕವರು ಇನ್ನೂ ಇತ್ತು, ಅದರೊಳಗೆ ಅಂಟಿಸದ ಬ್ಯಾಗಿನ ಚೀಟಿ. ಅವಳಿಗೆ ತೋರಿಸಲಿಲ್ಲ. ಒಂಬತ್ತೂವರೆಗೆ ಎಬ್ಬಿಸಬೇಕಿತ್ತು. ಒಂಬತ್ತರಿಂದಲೇ ಗಡಿಯಾರ ನೋಡುತ್ತ ಬಾಗಿಲಲ್ಲಿ ಕೂತೆ.